ಏನು ಬಂದ ಕಾರಣ? ಭಾರತಕ್ಕೆ ಬರುವ ವಿದೇಶಿಯರ ಉದ್ದೇಶಗಳು ಬದಲಾದ ಬಗೆ



ನಮ್ಮ ಹಳ್ಳಿಯ ಮನೆಗಳಲ್ಲಿ ಒಂದು ಕ್ರಮವಿದೆ. ಯಾರಾದರೂ ಬಾಗಿಲಿಗೆ ಬಂದರೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಜೊತೆಗೊಂದು ಚೂರು ಬೆಲ್ಲ. ಬಂದವರು ಜಗಲಿಯಲ್ಲಿ ಕೂತು ಬೆವರು ಒರೆಸಿಕೊಂಡ ಮೇಲಷ್ಟೇ ಯಜಮಾನರು ಕೇಳುತ್ತಾರೆ: "ಏನು, ಇತ್ತ ಬಂದದ್ದು?" ಬಂದ ಕೂಡಲೇ ಕಾರಣ ಕೇಳುವುದು ಮರ್ಯಾದೆಯಲ್ಲ. ಕಾರಣ ಕೇಳದೆ ಕಳಿಸುವುದೂ ಮರ್ಯಾದೆಯಲ್ಲ.

ದೇಶವೊಂದು ಈ ಕ್ರಮವನ್ನು ಹಾಗೆಯೇ ಪಾಲಿಸಲಾರದು. ಅದು ಮೊದಲು ಕಾರಣ ಕೇಳಿ ಆಮೇಲೆ ಒಳಗೆ ಬಿಡುತ್ತದೆ. ವೀಸಾ ಅರ್ಜಿಯಲ್ಲೊಮ್ಮೆ, ಆಗಮನ ಚೀಟಿಯಲ್ಲಿ ಮತ್ತೊಮ್ಮೆ, ಬಂದ ಉದ್ದೇಶವೇನೆಂದು ಕೇಳುತ್ತದೆ. ಹಾಗೆ ಬಂದ ಉತ್ತರಗಳನ್ನು ಕೂಡಿಸಿ ವರ್ಷಕ್ಕೊಮ್ಮೆ ಪಟ್ಟಿ ಮಾಡಿದರೆ, ಹೊರಗಿನವರಿಗೆ ನಾವು ಏತಕ್ಕೆ ಬೇಕಾಗಿದ್ದೇವೆ ಎಂಬುದರ ಒಂದು ಚಿತ್ರ ಸಿಗುತ್ತದೆ.

ಇಂದಿನ ಉಪನ್ಯಾಸದಲ್ಲಿ ಆ ಚಿತ್ರವನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ನನ್ನ ವಾದವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಭಾರತವನ್ನು ನೋಡಲು ಜನ ಬರುತ್ತಾರೆ ಎಂಬ ನಂಬಿಕೆಯ ಮೇಲೆ ನಮ್ಮ ಪ್ರವಾಸೋದ್ಯಮದ ಕಟ್ಟಡ ನಿಂತಿದೆ. ನೋಡಲು ಬರುವವರು ಈಗಲೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಆದರೆ ಬರುವವರಲ್ಲಿ ಅವರ ಪಾಲು ಕುಗ್ಗುತ್ತಿದೆ. ಇಲ್ಲಿನ ಒಬ್ಬ ವೈದ್ಯ, ಒಬ್ಬ ಗುರು, ಒಬ್ಬ ಅಜ್ಜಿ ಬೇಕಾಗಿ ಬರುವವರ ಪಾಲು ತೂಕ ಪಡೆಯುತ್ತಿದೆ. ಸ್ಥಳಕ್ಕಾಗಿ ಬರುವವರನ್ನು ಬರಮಾಡಿಕೊಳ್ಳುವ ರೀತಿ ಬೇರೆ, ಮನುಷ್ಯರಿಗಾಗಿ ಬರುವವರನ್ನು ಬರಮಾಡಿಕೊಳ್ಳುವ ರೀತಿ ಬೇರೆ. ಈ ಎರಡನೆಯ ರೀತಿಯನ್ನು ನಾವಿನ್ನೂ ಕಲಿತಿಲ್ಲ.

1. ಹಳೆಯ ಕಾರಣಗಳು

ಬಂದ ಕಾರಣ ಬದಲಾಗುವುದು ಈ ಕಾಲದ ವಿದ್ಯಮಾನವೇನಲ್ಲ. ಕ್ರಿ.ಶ. 629ರಲ್ಲಿ ಚೀನಾದಿಂದ ಹೊರಟ ಹ್ಯುಯೆನ್‌ತ್ಸಾಂಗನಿಗೆ ಬೇಕಾಗಿದ್ದದ್ದು ಗ್ರಂಥ. ತನ್ನ ನಾಡಿನಲ್ಲಿ ಬೌದ್ಧ ಶಾಸ್ತ್ರಗಳ ಅನುವಾದಗಳು ಒಂದಕ್ಕೊಂದು ಹೊಂದುತ್ತಿಲ್ಲವೆಂಬ ಕೊರತೆ ಅವನನ್ನು ನಳಂದದ ಆಚಾರ್ಯ ಶೀಲಭದ್ರನ ಬಳಿಗೆ ತಂದಿತು. 645ರಲ್ಲಿ ಮರಳಿದಾಗ ಅವನೊಡನೆ 657 ಗ್ರಂಥಗಳಿದ್ದವು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಪರ್ಷಿಯಾದ ಅರಸ ಶಾರುಖನ ರಾಯಭಾರಿ. ಸುಮಾರು 1520ರ ಹೊತ್ತಿಗೆ ಬಂದ ಡೊಮಿಂಗೊ ಪಾಯೆಸ್, ಅನಂತರ ಬಂದ ಫರ್ನಾವೊ ನೂನಿಜ್ ಇಬ್ಬರೂ ಪೋರ್ಚುಗೀಸರು. ನೂನಿಜ್ ಕುದುರೆ ವ್ಯಾಪಾರಿ. ಕುದುರೆ ಮಾರಲು ಬಂದವನ ಕಣ್ಣಿಗೆ ಅರಸನ ಲಾಯ, ಸೈನ್ಯ, ಖಜಾನೆ ಎದ್ದು ಕಂಡದ್ದು ಸಹಜ. ಬಂದ ಕಾರಣವೇ ಕಣ್ಣು ಎತ್ತ ನೋಡಬೇಕೆಂಬುದನ್ನು ನಿರ್ಧರಿಸುತ್ತದೆ.

ಇವರ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕಾದವನು ಅಫನಾಸಿ ನಿಕಿಟಿನ್. ರಷ್ಯಾದ ತ್ವೆರ್ ಪಟ್ಟಣದ ಈ ವರ್ತಕ 15ನೇ ಶತಮಾನದ ಎರಡನೆಯ ಅರ್ಧದಲ್ಲಿ, ಬಹಮನಿ ರಾಜ್ಯದಲ್ಲಿ ಮಹಮೂದ್ ಗವಾನ್ ಮಂತ್ರಿಯಾಗಿದ್ದ ದಿನಗಳಲ್ಲಿ, ಒಂದೇ ಒಂದು ಕುದುರೆಯನ್ನು ಹಡಗಿನಲ್ಲಿ ತಂದ. ಅದನ್ನು ಮಾರಿ ಲಾಭದೊಂದಿಗೆ ಮರಳುವುದು ಅವನ ಲೆಕ್ಕ. ಜುನ್ನಾರಿನಲ್ಲಿ ಅಧಿಕಾರಿ ಕುದುರೆಯನ್ನು ಕಿತ್ತುಕೊಂಡ, ಮತ ಬದಲಿಸಿದರೆ ಮಾತ್ರ ಹಿಂದಿರುಗಿಸುತ್ತೇನೆಂದ. ಖೊರಾಸಾನಿನವನೊಬ್ಬ ನಡುವೆ ಬಂದು ಅದನ್ನು ಬಿಡಿಸಿಕೊಟ್ಟ. ತಿಂಗಳುಗಟ್ಟಲೆ ಮೇವು ಹಾಕಿ ಸಾಕಿ, ಕೊನೆಗೆ ಬೀದರಿನಲ್ಲಿ ನಿಕಿಟಿನ್ ಕುದುರೆ ಮಾರಿದ. ತನ್ನ ನಾಡಿಗೆ ಒಯ್ಯುವಂಥ ಸರಕು ಇಲ್ಲಿಲ್ಲ, ಇದೆ ಎಂದವರು ಸುಳ್ಳು ಹೇಳಿದರು ಎಂದು ಬರೆದುಕೊಂಡ. ವ್ಯಾಪಾರಿಯಾಗಿ ಅವನು ಸೋತ. ಆದರೆ ಆ ಹೊತ್ತಿಗೆ ಇಲ್ಲಿನ ಜನರ ಮನೆಯೊಳಗಿನ ರೀತಿ ಅವನಿಗೆ ತಿಳಿದಿತ್ತು. ಏನು ಉಣ್ಣುತ್ತಾರೆ, ಹೇಗೆ ಪ್ರಾರ್ಥಿಸುತ್ತಾರೆ ಎಂದು ಕೇಳಿ ತಿಳಿದುಕೊಂಡಿದ್ದ, ಅವರೊಡನೆ ಶ್ರೀಶೈಲದ ಜಾತ್ರೆಗೂ ಹೋಗಿಬಂದಿದ್ದ. ಕುದುರೆ ಮಾರಲು ಬಂದವನು 'ಮೂರು ಸಮುದ್ರಗಳಾಚೆಯ ಪಯಣ'ವೆಂಬ ಬರಹವನ್ನು ಬಿಟ್ಟುಹೋದ.

ನಿಕಿಟಿನ್‌ನ ಕುದುರೆಯನ್ನು ನೆನಪಿನಲ್ಲಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಬರುವಾಗ ಹೇಳುವ ಕಾರಣವೇ ಹೊರಡುವಾಗಲೂ ಉಳಿದಿರಬೇಕಿಲ್ಲ ಎಂಬ ಮಾತಿಗೆ ಮುಂದೆ ಅದೇ ಸಾಕ್ಷಿ.

2. ನೋಟವೇ ಉದ್ದೇಶವಾದ ಕಾಲ

ಮೇಲೆ ಹೇಳಿದವರಲ್ಲಿ ಯಾರೂ ಬರಿದೆ ನೋಡಲು ಬಂದವರಲ್ಲ. ನೋಟ ಅವರಿಗೆ ದಾರಿಯಲ್ಲಿ ಸಿಕ್ಕ ಲಾಭ. ನೋಡುವುದೇ ಮುಖ್ಯ ಉದ್ದೇಶವಾದದ್ದು ಹಬೆಹಡಗು, ರೈಲು ಬಂದ ಮೇಲೆ. 1872-73ರಲ್ಲಿ ಥಾಮಸ್ ಕುಕ್ ಮೊದಲ ಬಾರಿಗೆ ಜನರನ್ನು ಕರೆದುಕೊಂಡು ಭೂಮಿ ಸುತ್ತಿದಾಗ ಭಾರತ ಆ ದಾರಿಯಲ್ಲಿ ಒಂದು ತಂಗುದಾಣವಾಯಿತು. ಸ್ವಾತಂತ್ರ್ಯಕ್ಕೆ ಮುಂಚೆಯೇ, 1945ರಲ್ಲಿ, ಪ್ರವಾಸಿಗರ ಬಗ್ಗೆ ಯೋಚಿಸಲು ಜಾನ್ ಸಾರ್ಜೆಂಟ್ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. 1951ರಲ್ಲಿ ದೇಶಕ್ಕೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಕೇವಲ 16,829. ನಮ್ಮ ಒಂದು ಹೋಬಳಿಯ ಜಾತ್ರೆಗೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಮುಂದಿನ ಹೆಜ್ಜೆಗಳು ನಿಮಗೆ ಪರಿಚಿತವೇ. 1966ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿತು. ದೆಹಲಿ, ಆಗ್ರಾ, ಜೈಪುರಗಳ ಸುತ್ತು ವಿದೇಶಿಯರ ಹೆದ್ದಾರಿಯಾಯಿತು. 1968ರ ಫೆಬ್ರವರಿಯಲ್ಲಿ ಬೀಟಲ್ಸ್ ಗಾಯಕರು ಋಷಿಕೇಶಕ್ಕೆ ಬಂದರು. ಇಸ್ತಾಂಬುಲ್, ಟೆಹರಾನ್, ಕಾಬೂಲ್ ಹಾದು ಬಸ್ಸಿನಲ್ಲಿ ಬರುತ್ತಿದ್ದ ಪಾಶ್ಚಾತ್ಯ ಯುವಜನರ ದಾರಿ, 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯದ ಪ್ರವೇಶದಿಂದ ಮುಚ್ಚಿತು. 1986ರಲ್ಲಿ ಹಂಪಿ, 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳೂ ಸೇರಿದವು. 2002ರಲ್ಲಿ 'ಇನ್‌ಕ್ರೆಡಿಬಲ್ ಇಂಡಿಯಾ' ಪ್ರಚಾರ ಆರಂಭವಾಯಿತು. ಬಂದವರ ಸಂಖ್ಯೆ 2000ದಲ್ಲಿ 26 ಲಕ್ಷ ದಾಟಿ, 2010ರಲ್ಲಿ 57 ಲಕ್ಷ ದಾಟಿ, 2019ರಲ್ಲಿ 1 ಕೋಟಿ 9 ಲಕ್ಷಕ್ಕೆ ಮುಟ್ಟಿತು.

ಈ ಬೆಳವಣಿಗೆಯ ಚಿತ್ರಪಟಗಳನ್ನು ನೆನಪಿಸಿಕೊಳ್ಳಿ. ಕೋಟೆ, ಅರಮನೆ, ಹುಲಿ, ಹಿನ್ನೀರಿನ ದೋಣಿ, ಕಲ್ಲಿನ ರಥ. ಜನರಿದ್ದರೂ ಅವರು ಚಿತ್ರದ ಅಂಚಿನಲ್ಲಿ, ಬಣ್ಣದ ಪೇಟ ಸುತ್ತಿಕೊಂಡು ನಿಂತಿರುತ್ತಾರೆ. ದೇಶವೆಂದರೆ ನೋಡಬೇಕಾದ ವಸ್ತು ಎಂಬುದು ಆ ಚಿತ್ರಗಳ ಹಿಂದಿರುವ ತಿಳಿವಳಿಕೆ.

3. ಲೆಕ್ಕದ ಮನೆಗಳು

ಸಂಖ್ಯೆಗಳಿಗೆ ಬರುವ ಮುನ್ನ ಲೆಕ್ಕದ ನಿಯಮವನ್ನು ತಿಳಿಯೋಣ. 1963ರಲ್ಲಿ ರೋಮ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನವೊಂದು ಸೇರಿ ಪ್ರವಾಸಿ ಎಂದರೆ ಯಾರು ಎಂಬುದಕ್ಕೆ ಅರ್ಥ ಕೊಟ್ಟಿತು. ಕನಿಷ್ಠ 24 ಗಂಟೆ ತಂಗುವವನು, ಸಂಬಳಕ್ಕಾಗಿ ಬಾರದವನು. ಅವನು ವಿಹಾರಕ್ಕೂ ಬಂದಿರಬಹುದು, ವ್ಯವಹಾರ, ಚಿಕಿತ್ಸೆ, ಅಧ್ಯಯನ, ದೇವರು, ನೆಂಟರು ಇವುಗಳಲ್ಲಿ ಯಾವುದಕ್ಕೂ ಬಂದಿರಬಹುದು. 'ಪ್ರವಾಸಿ' ಎಂದ ಕೂಡಲೇ ಕ್ಯಾಮೆರಾ ಹೊತ್ತವನನ್ನು ಕಾಣುವ ನಾವು ಈ ವಿಶಾಲ ಅರ್ಥವನ್ನು ಮರೆತುಬಿಡುತ್ತೇವೆ.

2008ರ ಅಂತರರಾಷ್ಟ್ರೀಯ ಶಿಫಾರಸುಗಳು ಇನ್ನೊಂದು ಒಳ್ಳೆಯ ಮಾತನ್ನು ಸೇರಿಸಿದವು. ಒಬ್ಬನಿಗೆ ಹಲವು ಕಾರಣಗಳಿದ್ದರೆ ಮುಖ್ಯವಾದದ್ದು ಯಾವುದು? ಯಾವುದು ಇಲ್ಲದಿದ್ದರೆ ಪ್ರಯಾಣವೇ ನಡೆಯುತ್ತಿರಲಿಲ್ಲವೋ ಅದು. ಲೆಕ್ಕಪತ್ರದ ಭಾಷೆಯಲ್ಲಿ ಇಷ್ಟು ಆಳವಾದ ಮಾತು ಅಪರೂಪ. ಮಗಳ ಮದುವೆಗೆಂದು ಬಂದವರು ಬೇಲೂರನ್ನೂ ನೋಡಿ ಹೋಗಬಹುದು. ಮದುವೆ ಇರದಿದ್ದರೆ ಬೇಲೂರೂ ಇರುತ್ತಿರಲಿಲ್ಲ.

ಜಗತ್ತಿನ ಮಟ್ಟದಲ್ಲಿ 1950ರಲ್ಲಿ ಗಡಿ ದಾಟಿದ ಪ್ರವಾಸಗಳು ಸುಮಾರು 2.5 ಕೋಟಿ, 2018ರಲ್ಲಿ 140 ಕೋಟಿ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಲೆಕ್ಕದಂತೆ 2018ರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪ್ರಯಾಣ ರಜೆ ಮತ್ತು ವಿಹಾರಕ್ಕೆ, ಕಾಲು ಭಾಗಕ್ಕಿಂತ ಹೆಚ್ಚು ಬಂಧುಮಿತ್ರರ ಭೇಟಿ, ಆರೋಗ್ಯ, ಧರ್ಮಗಳಿಗೆ. ಉಳಿದದ್ದರಲ್ಲಿ ಹೆಚ್ಚಿನದು ವ್ಯವಹಾರಕ್ಕೆ. ಹೊಸ ಶತಮಾನದ ಮೊದಲ ಎರಡು ದಶಕಗಳಲ್ಲಿ ವಿಹಾರದ ಪಾಲು ಜಗತ್ತಿನಲ್ಲಿ ಏರುತ್ತಲೇ ಬಂದಿತ್ತು.

ಭಾರತದ ಚಿತ್ರ ಈ ಏರಿಕೆಯ ಜೊತೆ ಹೋಗಿಲ್ಲ. ನಮ್ಮ ಪ್ರವಾಸೋದ್ಯಮ ಸಚಿವಾಲಯ ಪ್ರತಿವರ್ಷ ಕೊಡುವ ಪಟ್ಟಿಯಲ್ಲಿ ಐದು ಮನೆಗಳಿವೆ: ರಜೆ-ವಿಹಾರ, ವ್ಯವಹಾರ-ವೃತ್ತಿ, ಭಾರತೀಯ ಮೂಲದವರ ಆಗಮನ, ಚಿಕಿತ್ಸೆ, ಇತರೆ. 2019ರಲ್ಲಿ ವಿಹಾರದ ಪಾಲು ಶೇಕಡಾ 57.1, ವ್ಯವಹಾರ 14.7, ಭಾರತೀಯ ಮೂಲದವರು 12.7, ಚಿಕಿತ್ಸೆ 6.4. ಕೊರೊನಾ ಬಂತು. 2021ರಲ್ಲಿ ಬಂದವರು 15 ಲಕ್ಷದಷ್ಟೇ. ಅವರಲ್ಲಿ ಸುಮಾರು 3 ಲಕ್ಷ ಜನ ಚಿಕಿತ್ಸೆಗೆ ಬಂದವರು, ಎಂದರೆ ಐವರಲ್ಲಿ ಒಬ್ಬರು. 2023ರ ಹೊತ್ತಿಗೆ ಒಟ್ಟು ಸಂಖ್ಯೆ 95 ಲಕ್ಷಕ್ಕೆ ಚೇತರಿಸಿಕೊಂಡರೂ ವಿಹಾರದ ಪಾಲು ಅರ್ಧಕ್ಕಿಂತ ಕೆಳಗೇ ಉಳಿಯಿತು, ಶೇಕಡಾ 46ರ ಆಸುಪಾಸು. ಭಾರತೀಯ ಮೂಲದವರ ಪಾಲು ಕಾಲು ಭಾಗವನ್ನು ದಾಟಿತು.

ಕಷ್ಟಕಾಲದಲ್ಲಿ ಬಾಗಿಲು ತಟ್ಟಿದವರು ಯಾರೆಂದು ನೋಡಿದರೆ ನಂಟು ಎಷ್ಟು ಗಟ್ಟಿಯೆಂದು ತಿಳಿಯುತ್ತದೆ. ವಿಹಾರವನ್ನು ಮುಂದಿನ ವರ್ಷಕ್ಕೆ ಹಾಕಬಹುದು, ಬೇರೆ ದೇಶಕ್ಕೂ ತಿರುಗಿಸಬಹುದು. ಹೃದಯದ ಕವಾಟ ಕಾಯುವುದಿಲ್ಲ. ವಯಸ್ಸಾದ ತಾಯಿಯೂ ಕಾಯುವುದಿಲ್ಲ.

4. ಮದ್ದು ಅರಸಿ ಬಂದವರು

2019ರಲ್ಲಿ ಚಿಕಿತ್ಸೆಗೆಂದು ಬಂದ ವಿದೇಶಿಯರು ಸುಮಾರು 6.97 ಲಕ್ಷ. ಇವರಲ್ಲಿ ಬಾಂಗ್ಲಾದೇಶದವರೇ ಬಹುಪಾಲು. ಇರಾಕ್, ಯೆಮನ್, ಒಮಾನ್, ಮಾಲ್ಡೀವ್ಸ್, ಪೂರ್ವ ಆಫ್ರಿಕಾದ ದೇಶಗಳಿಂದಲೂ ಬರುತ್ತಾರೆ. ಪಶ್ಚಿಮದವರಿಗೆ ಖರ್ಚು ಕಡಿಮೆ ಎಂಬುದು ಮುಖ್ಯ ಕಾರಣವಾದರೆ, ನೆರೆಯವರಿಗೆ ಕಾರಣ ಇನ್ನೂ ಸರಳ: ತಮ್ಮ ಊರಿನಲ್ಲಿ ಆ ಚಿಕಿತ್ಸೆಯೇ ಇಲ್ಲ, ಅಥವಾ ಇದ್ದರೂ ನಂಬಿಕೆಯಿಲ್ಲ.

ಬೆಂಗಳೂರಿನ ದಕ್ಷಿಣದ ಅಂಚಿಗೆ, ಬೊಮ್ಮಸಂದ್ರದ ಆಸ್ಪತ್ರೆಗಳ ಸುತ್ತಲಿನ ಬೀದಿಗಳಿಗೆ ಹೋದರೆ ಈ ಸಂಖ್ಯೆಗೆ ಮುಖ ಸಿಗುತ್ತದೆ. ಅಂಗಡಿ ಫಲಕಗಳಲ್ಲಿ ಕನ್ನಡದ ಪಕ್ಕ ಬಂಗಾಳಿ ಅಕ್ಷರ. ಊಟದ ಮನೆಗಳಲ್ಲಿ ಮೀನಿನ ಸಾರು, ಅನ್ನ. ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೋಣೆ, ಮೂಲೆಯಲ್ಲೊಂದು ಗ್ಯಾಸ್ ಒಲೆ. ಸ್ಕ್ಯಾನ್ ಹಾಳೆಗಳ ದೊಡ್ಡ ಲಕೋಟೆಯನ್ನು ಎದೆಗವಚಿಕೊಂಡ ಒಬ್ಬರು, ಅವರ ಹಿಂದೆ ರೋಗಿಯ ಕೈ ಹಿಡಿದ ಇನ್ನೊಬ್ಬರು. ಪಶ್ಚಿಮ ಬಂಗಾಳ, ತ್ರಿಪುರಾಗಳಿಂದ ಬಂದವರೂ ಗಡಿಯಾಚೆಯಿಂದ ಬಂದವರೂ ಅಲ್ಲಿ ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ನಮ್ಮ ವೈದ್ಯಕೀಯ ವೀಸಾ ನಿಯಮ ಒಬ್ಬ ರೋಗಿಯ ಜೊತೆ ಇಬ್ಬರು ಸಹಾಯಕರಿಗೆ ಅವಕಾಶ ಕೊಡುತ್ತದೆ. ರೋಗಿಯ ದಿನಗಳು ಹಾಸಿಗೆಯಲ್ಲಿ ಕಳೆಯುತ್ತವೆ. ಊರನ್ನು ಎದುರಿಸುವವರು ಆ ಇಬ್ಬರು. ಔಷಧಿ ಚೀಟಿ ಓದಿಸಿಕೊಳ್ಳಬೇಕು, ಆಟೋದವರೊಡನೆ ಮಾತಾಡಬೇಕು, ಹಣ ಬದಲಿಸಬೇಕು, ನೋಂದಣಿಗೆ ಅಲೆಯಬೇಕು. ಒಂದು ದೇಶದ ಆತಿಥ್ಯ ಎಂಥದೆಂದು ತಿಳಿಯಬೇಕಾದರೆ ಕೇಳಬೇಕಾದದ್ದು ಈ ಸಹಾಯಕರನ್ನು.

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದೊಂದು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ತನ್ನವರಿಲ್ಲದ ಊರಿನಲ್ಲಿ ಮನುಷ್ಯ ಎಷ್ಟು ಅನಾಥನಾಗುತ್ತಾನೆ ಎಂಬ ಅನುಭವವೇ ಆ ಎರಡು ಅರ್ಥಗಳನ್ನು ಬೆಸೆದಿದೆ. ಪಂಚತಾರಾ ಹೋಟೆಲಿನ ವಿಹಾರಿಗೆ ಮೊದಲ ಅರ್ಥ ಸಾಕು. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕೂತ ತಂದೆಗೆ ಎರಡನೆಯದೂ ಅನ್ವಯಿಸುತ್ತದೆ.

ಬಂದ ಕಾರಣಗಳೆಲ್ಲ ಸ್ವಾಗತಾರ್ಹ ಎಂದು ನಾನು ಹೇಳುತ್ತಿಲ್ಲ. ಈ ಶತಮಾನದ ಆರಂಭದ ಒಂದೂವರೆ ದಶಕ, ಬಾಡಿಗೆ ತಾಯ್ತನಕ್ಕಾಗಿ ವಿದೇಶಿ ದಂಪತಿಗಳು ಭಾರತಕ್ಕೆ ಬರುತ್ತಿದ್ದರು. ಬಡ ಹೆಂಗಸರ ಗರ್ಭಕ್ಕೆ ಬೆಲೆ ಕಟ್ಟಿದ ಈ ವಹಿವಾಟು ದೊಡ್ಡದಾಗಿ ಬೆಳೆಯಿತು. 2015ರಲ್ಲಿ ಸರ್ಕಾರ ವಿದೇಶಿಯರಿಗೆ ಈ ಬಾಗಿಲನ್ನು ಮುಚ್ಚಿತು, 2021ರ ಕಾಯ್ದೆ ವಾಣಿಜ್ಯ ರೂಪದ ಬಾಡಿಗೆ ತಾಯ್ತನವನ್ನೇ ನಿಷೇಧಿಸಿತು. ಅಂಗಾಂಗ ಕಸಿಯ ವಿಚಾರದಲ್ಲಿ 1994ರ ಕಾಯ್ದೆ ಇದೇ ಎಚ್ಚರವನ್ನು ವಹಿಸುತ್ತದೆ. ಅತಿಥಿಯ ಅಗತ್ಯ ಮನೆಯವರ ಮೈಮೇಲೆ ಬೀಳಬಾರದು. ಇದು ಆತಿಥ್ಯದ ಮಿತಿ.

5. ಕಲಿಯಲು ಬಂದವರು

ಇನ್ನೊಂದು ಗುಂಪಿದೆ. ಅದಕ್ಕೆ ಸರ್ಕಾರಿ ಪಟ್ಟಿಯ ಐದರಲ್ಲಿ ಸ್ವಂತದ ಮನೆಯೇ ಇಲ್ಲ.

1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಯುತ್ತಿತ್ತು. ಗುರು ತಿರುಮಲೈ ಕೃಷ್ಣಮಾಚಾರ್ಯರು, ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದವರು. ಅವರ ಶಿಷ್ಯರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಪುಣೆಯಲ್ಲಿ ನೆಲೆಸಿದರು. ಹಾಸನದ ಬಳಿಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದು 1948ರಲ್ಲಿ ತಮ್ಮ ಸಂಸ್ಥೆ ಕಟ್ಟಿದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸ್‌ಬೆತ್ ಅವರನ್ನು ಹುಡುಕಿಕೊಂಡು ಮೈಸೂರಿನ ಲಕ್ಷ್ಮೀಪುರಕ್ಕೆ ಬಂದರು. ಆತ ಊರಿಗೆ ಮರಳಿ ಬರೆದ ಪುಸ್ತಕದಲ್ಲಿ ಗುರುಗಳ ಹೆಸರಿತ್ತು. ಅಲ್ಲಿಂದ ಒಬ್ಬೊಬ್ಬರಾಗಿ ಆರಂಭವಾದ ಬರವು ಮುಂದೆ ಗೋಕುಲಂ ಬಡಾವಣೆಯ ಬೆಳಗುಗಳನ್ನೇ ಬದಲಿಸಿತು. ಯಾವ ಸರ್ಕಾರಿ ಜಾಹೀರಾತೂ ಇದರ ಹಿಂದಿರಲಿಲ್ಲ. ಒಬ್ಬ ಗುರುವಿನ ಮನೆಯ ವಿಳಾಸ ಇತ್ತು.

ಈ ಅಭ್ಯಾಸಿಗಳು ಎರಡು ರಾತ್ರಿ ತಂಗಿ ಹೋಗುವವರಲ್ಲ. ತಿಂಗಳು, ಎರಡು ತಿಂಗಳು, ಮನೆ ಬಾಡಿಗೆಗೆ ಹಿಡಿಯುತ್ತಾರೆ. ಇನ್ನೂ ಕತ್ತಲಿರುವಾಗ ಚಾಪೆ ಸುತ್ತಿಕೊಂಡು ಹೊರಡುತ್ತಾರೆ. ಅಭ್ಯಾಸ ಮುಗಿಸಿ ಬೆವರಿನಲ್ಲಿ ತೊಯ್ದು ಬಂದು ರಸ್ತೆ ಬದಿಯ ಎಳನೀರಿನ ಗಾಡಿಯ ಮುಂದೆ ನಿಲ್ಲುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಆ ಪರಂಪರೆಯಲ್ಲಿ ಅಭ್ಯಾಸಕ್ಕೆ ಬಿಡುವು. ಹಾಗಾಗಿ ಎಲ್ಲಿಯೋ ಹುಟ್ಟಿ ಬೆಳೆದವರು ಮೈಸೂರಿನಲ್ಲಿ ತಿಥಿ ನೋಡಲು ಕಲಿಯುತ್ತಾರೆ. ದೇಹವನ್ನು ಬಾಗಿಸಲು ಬಂದವರ ದಿನಚರಿಗೆ ನಮ್ಮ ಚಾಂದ್ರಮಾನ ಸೇರಿಕೊಳ್ಳುತ್ತದೆ. ನಿಕಿಟಿನ್‌ನ ಕುದುರೆ ಇಲ್ಲಿ ಮತ್ತೆ ನೆನಪಾಗಬೇಕು.

ಲೆಕ್ಕದಲ್ಲಿ ಇವರು ಎಲ್ಲಿ ಬೀಳುತ್ತಾರೆ? ಅಲ್ಪಾವಧಿಯ ಯೋಗ ಕಲಿಕೆಗೆ ಪ್ರವಾಸಿ ಇ-ವೀಸಾದಲ್ಲೇ ಅವಕಾಶವಿದೆ. ಆದ್ದರಿಂದ ಇವರು ವಿಹಾರಿಗಳೊಳಗೆ ಸೇರಿಹೋಗುವ ಸಂಭವವೇ ಹೆಚ್ಚು. ಬೋಧಗಯೆಗೆ ಬರುವ ಶ್ರೀಲಂಕಾ, ಥಾಯ್ಲೆಂಡ್, ಜಪಾನಿನ ಬೌದ್ಧರಿಗೂ, ಬೈಲುಕುಪ್ಪೆಯ ಮಠಗಳನ್ನು ಅರಸಿ ಬರುವ ಸಾಧಕರಿಗೂ ಇದೇ ಮಾತು. ಹಾಗಾದರೆ ವಿಹಾರದ ಮನೆಯಲ್ಲಿ ಉಳಿದ 46 ಭಾಗವೂ ಶುದ್ಧ ವಿಹಾರವಲ್ಲ. ನಮ್ಮ ಪಟ್ಟಿ ತೋರಿಸುತ್ತಿರುವುದಕ್ಕಿಂತ ಬದಲಾವಣೆ ದೊಡ್ಡದು.

6. ನೆಂಟರು

ಈಗ ಕಾಲು ಭಾಗ ದಾಟಿದ ಆ ವರ್ಗಕ್ಕೆ ಬರೋಣ. ಪಟ್ಟಿಯ ಉಳಿದ ಮನೆಗಳು ಬಂದವರು ಏನು ಮಾಡಲು ಬಂದರು ಎಂದು ಹೇಳುತ್ತವೆ. 'ಭಾರತೀಯ ಮೂಲದವರು' ಎಂಬುದು ಅವರು ಯಾರು ಎಂದು ಹೇಳುತ್ತದೆ. ಅದು ಉದ್ದೇಶದ ಹೆಸರಲ್ಲ, ಗುರುತು. ಆ ಗುರುತಿನ ಹಿಂದೆ ಮದುವೆ, ಶ್ರಾದ್ಧ, ಆಸ್ತಿ ಪಾಲು, ಅಪ್ಪನ ಮಂಡಿ ಶಸ್ತ್ರಚಿಕಿತ್ಸೆ, ಮಗುವಿನ ಜವಳ ಎಲ್ಲವೂ ಅಡಗಿವೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಒಂದೇ ವಿಮಾನದಲ್ಲಿ ಅಕ್ಕ ತಂಗಿಯರು ಬರುತ್ತಾರೆ. ಅಕ್ಕ ಅಮೆರಿಕದ ಪೌರತ್ವ ಪಡೆದು ಸಾಗರೋತ್ತರ ಭಾರತೀಯರ ಕಾರ್ಡ್ ಇಟ್ಟುಕೊಂಡಿದ್ದಾಳೆ, ತಂಗಿಯದು ಇನ್ನೂ ಭಾರತದ ಪಾಸ್‌ಪೋರ್ಟ್. ಇಬ್ಬರೂ ಹೋಗುವುದು ಶಿವಮೊಗ್ಗದ ಒಂದೇ ತಾಯಿಮನೆಗೆ. ಅಕ್ಕ ವಿದೇಶಿ ಪ್ರವಾಸಿಗರ ಲೆಕ್ಕಕ್ಕೆ, ತಂಗಿ ಅನಿವಾಸಿ ಭಾರತೀಯರ ಲೆಕ್ಕಕ್ಕೆ. 2019ರಲ್ಲಿ ಹೀಗೆ ಬಂದ ಅನಿವಾಸಿಗಳೇ ಸುಮಾರು 70 ಲಕ್ಷ. ಅವರನ್ನೂ ಸೇರಿಸಿದರೆ ಆ ವರ್ಷದ ಅಂತರರಾಷ್ಟ್ರೀಯ ಆಗಮನ 1 ಕೋಟಿ 79 ಲಕ್ಷ. ಈ ಇಡೀ ಸಂಖ್ಯೆಯನ್ನು ಮುಂದಿಟ್ಟುಕೊಂಡರೆ ಕೋವಿಡ್‌ಗೆ ಮುಂಚೆಯೇ ಭಾರತಕ್ಕೆ ಬರುತ್ತಿದ್ದವರಲ್ಲಿ ನೆಂಟಸ್ತಿಕೆಯ ಪಾಲು ಎಷ್ಟು ದೊಡ್ಡದಿತ್ತು ಎಂಬುದು ಕಾಣುತ್ತದೆ.

ಇದನ್ನು ಅರ್ಥಮಾಡಿಕೊಳ್ಳಲು ಎದುರು ದಿಕ್ಕಿನ ಪ್ರಯಾಣವೊಂದು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಾಯಂದಿರು ನಮ್ಮ ಊರೂರಲ್ಲೂ ಇದ್ದಾರೆ. ಪೆಟ್ಟಿಗೆಯಲ್ಲಿ ಬಾಣಂತಿ ಲೇಹ್ಯ, ಬಜೆ ಬೇರು, ಮೆಂತ್ಯದ ಹಿಟ್ಟು, ಹಳೆಯ ಮೆತ್ತನೆ ಸೀರೆಯ ತುಂಡುಗಳು. ಅವರ ಕೈಯಲ್ಲಿರುವುದು ಬಿ-2 ವೀಸಾ. ಆ ದೇಶದ ಕಾನೂನಿನ ಮಾತಿನಲ್ಲಿ ಅದು ವಿಹಾರಕ್ಕಾಗಿ ಬರುವ ತಾತ್ಕಾಲಿಕ ಸಂದರ್ಶಕರ ವೀಸಾ. ಮೂರು ತಿಂಗಳು ನಿದ್ದೆಗೆಟ್ಟು, ಕೂಸಿಗೆ ಎಣ್ಣೆ ತಿಕ್ಕಿ, ಬಾಣಂತಿಗೆ ಬಿಸಿನೀರು ಹುಯ್ದು ಮರಳುವ ಆ ತಾಯಿ ಒಂದು ದಾಖಲೆಯಲ್ಲಿ ವಿಹಾರಿ. ನಮ್ಮವರ ಬಗ್ಗೆ ಆ ಪದ ಎಷ್ಟು ಸಾಲದೆಂದು ನಮಗೆ ತಿಳಿದಿದೆ. ನಮ್ಮಲ್ಲಿಗೆ ಬರುವವರ ಬಗ್ಗೆ ನಾವು ಬಳಸುವ ಪದಗಳೂ ಅಷ್ಟೇ ಸಾಲವು ಎಂಬುದನ್ನು ಇದರಿಂದ ತಿಳಿಯಬೇಕು.

ಮತ್ತೊಂದು ಸೂಕ್ಷ್ಮ. ವಲಸೆ ಹೋದ ಮೊದಲ ತಲೆಮಾರಿಗೆ ಬರಲು ಕಾರಣ ಬೇಕಿಲ್ಲ, ತಾಯಿ ಇದ್ದಾಳೆ. ಅಲ್ಲೇ ಹುಟ್ಟಿದ ಮಕ್ಕಳಿಗೆ ಅಜ್ಜಿ ಇರುವವರೆಗೆ ಕಾರಣ ಇದೆ. ಅಜ್ಜಿಯ ನಂತರ? ಮನೆ ಮಾರಾಟವಾದ ಮೇಲೆ? ಇಂದು ಏರುತ್ತಿರುವ ಈ ಪಾಲು ಒಂದು ತಲೆಮಾರಿನ ಆಯುಸ್ಸಿನ ಮೇಲೆ ನಿಂತಿದೆ. ಆ ಮಕ್ಕಳ ಜೊತೆ ಭಾಷೆಯ, ಊರಿನ, ಗೆಳೆತನದ ನಂಟನ್ನು ಈಗಲೇ ಬೆಳೆಸದಿದ್ದರೆ ಮೂವತ್ತು ವರ್ಷಗಳ ನಂತರ ಅವರು ಬಾರದಿರಬಹುದು. ಬಂದರೂ ಬರೀ ನೋಡಲು ಬಂದಾರು.

7. ವ್ಯವಹಾರ ಮತ್ತು ಬಾಗಿಲು

ವ್ಯವಹಾರಕ್ಕೆ ಬರುವವರ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಈ ನಗರ ಆ ಬಗೆಯ ಅತಿಥಿಗಳಿಗೆ ಹೆಸರಾಯಿತು. 2019ರಲ್ಲಿ ದೇಶದಾದ್ಯಂತ ಶೇಕಡಾ 14.7 ಇದ್ದ ಈ ಪಾಲು 2023ರಲ್ಲಿ ಸುಮಾರು 10ಕ್ಕೆ ಇಳಿಯಿತು. ಮುಖಾಮುಖಿ ಸಭೆಯ ಕೆಲಸವನ್ನು ಪರದೆಯ ಮೇಲಿನ ಸಭೆ ಮಾಡಬಲ್ಲದು ಎಂಬುದನ್ನು ಕೊರೊನಾ ಕಲಿಸಿತು. ಪರದೆಯ ಮೇಲೆ ಬಾಣಂತನ ಮಾಡಲಾಗದು, ಕವಾಟ ಜೋಡಿಸಲಾಗದು. ಯಾವ ಉದ್ದೇಶ ಉಳಿಯುತ್ತದೆ, ಯಾವುದು ಕರಗುತ್ತದೆ ಎಂಬುದಕ್ಕೆ ಇದೇ ಒರೆಗಲ್ಲು: ಅದಕ್ಕೆ ದೇಹ ಸಮೇತ ಬರಬೇಕೇ, ಬೇಡವೇ?

ಉದ್ದೇಶ ಎನ್ನುವುದು ಬರುವವನ ಮನಸ್ಸಿನಲ್ಲಿ ಮಾತ್ರ ಹುಟ್ಟುವುದಿಲ್ಲ, ಬಾಗಿಲಿನ ಆಕಾರವೂ ಅದನ್ನು ರೂಪಿಸುತ್ತದೆ. 2014ರ ನವೆಂಬರ್‌ನಲ್ಲಿ 43 ದೇಶಗಳವರಿಗೆ ಆನ್‌ಲೈನ್ ಪ್ರವಾಸಿ ವೀಸಾ ಆರಂಭವಾದಾಗ ವಿಹಾರಕ್ಕೆ ಬರುವುದು ಸುಲಭವಾಯಿತು. ಅನಂತರ ವ್ಯವಹಾರಕ್ಕೆ, ಚಿಕಿತ್ಸೆಗೆ, 2023ರಲ್ಲಿ ಆಯುಷ್ ಪದ್ಧತಿಗಳ ಚಿಕಿತ್ಸೆಗೆ ಬೇರೆ ಬೇರೆ ಬಾಗಿಲುಗಳು ತೆರೆದವು. 2016ರಲ್ಲಿ ಅಮೆರಿಕವನ್ನು ಹಿಂದಿಕ್ಕಿದ ಬಾಂಗ್ಲಾದೇಶ ಕೋವಿಡ್‌ವರೆಗೂ ನಮಗೆ ಅತಿ ಹೆಚ್ಚು ಜನರನ್ನು ಕಳಿಸಿದ ದೇಶವಾಗಿತ್ತು. 2024ರ ಆಗಸ್ಟಿನಲ್ಲಿ ಅಲ್ಲಿ ನಡೆದ ರಾಜಕೀಯ ಪಲ್ಲಟದ ನಂತರ ಅಲ್ಲಿನವರಿಗೆ ವೀಸಾ ಕೊಡುವುದು ಬಿಗಿಯಾಯಿತು, ಬರುವವರು ಕಡಿಮೆಯಾದರು. ಢಾಕಾದ ರೋಗಿಯ ಕಾಯಿಲೆ ಮಾತ್ರ ಕಡಿಮೆಯಾಗಿರಲಿಲ್ಲ. ಅಂಕಿಗಳು ಇಳಿದಾಗ ಆಸೆ ಇಳಿದಿದೆ ಎಂದು ಓದಬಾರದು, ಬಾಗಿಲು ಎಷ್ಟು ತೆರೆದಿದೆ ಎಂದೂ ನೋಡಬೇಕು.

8. ನಾವು ಮಾಡಬೇಕಾದದ್ದು

ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಕೇಳುವ ರೀತಿ ಬದಲಾಗಬೇಕು. ಬ್ರಿಟನ್ 1961ರಿಂದ ತನ್ನ ಬಂದರು, ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಮಾತನಾಡಿಸಿ ಸಮೀಕ್ಷೆ ನಡೆಸುತ್ತ ಬಂದಿದೆ. ನಮ್ಮಲ್ಲೂ ಇಂಥ ಸಮೀಕ್ಷೆಗಳು ಆಗೊಮ್ಮೆ ಈಗೊಮ್ಮೆ ನಡೆದಿವೆ. ಅದು ನಿರಂತರವಾಗಬೇಕು, ಮತ್ತು ಹೊರಡುವ ಬಾಗಿಲಿನಲ್ಲಿ ನಡೆಯಬೇಕು. 2025ರ ಅಕ್ಟೋಬರ್‌ನಿಂದ ಆಗಮನ ಚೀಟಿ ಆನ್‌ಲೈನ್ ರೂಪಕ್ಕೆ ಬಂದಿದೆ. ಆದರೆ ಆಗಮನದ ಚೀಟಿ ಹೇಳುವುದು ವೀಸಾಕ್ಕೆ ಹೊಂದುವ ಕಾರಣವನ್ನು. ಯಾವುದು ಇಲ್ಲದಿದ್ದರೆ ನೀವು ಬರುತ್ತಿರಲಿಲ್ಲ, ಬಂದ ಮೇಲೆ ನಿಮಗೆ ಮತ್ತೇನು ಸಿಕ್ಕಿತು ಎಂಬ ಎರಡು ಪ್ರಶ್ನೆಗಳನ್ನು ಹೊರಡುವವರಿಗೇ ಕೇಳಬೇಕು.

ಎರಡನೆಯದು, ಖರ್ಚಿನ ದಿಕ್ಕು. ಸ್ಮಾರಕಗಳಿಗೆ ಹಣ ಬೇಕು. ಹಂಪಿಯ ಕಲ್ಲಿಗೆ ನೆರಳೂ ಕಾವಲೂ ಬೇಕು, ಅದರಲ್ಲಿ ವಾದವಿಲ್ಲ. ಆದರೆ ಆಸ್ಪತ್ರೆಗಳ ಬೀದಿಯಲ್ಲಿ ಬಂಗಾಳಿ, ಅರಬ್ಬಿ ಬಲ್ಲ ದುಭಾಷಿಗಳನ್ನು ನೇಮಿಸುವುದು, ದಿನದ ಬಾಡಿಗೆ ಕೋಣೆಗಳಿಗೆ ದರ ಮತ್ತು ಶುಚಿತ್ವದ ನಿಯಮ ತರುವುದು, ದಲ್ಲಾಳಿಗಳಿಂದ ರೋಗಿಗಳನ್ನು ಕಾಪಾಡುವುದು ಸಹ ಪ್ರವಾಸೋದ್ಯಮ ಇಲಾಖೆಯ ಕೆಲಸವೇ. ವಿಮಾನ ನಿಲ್ದಾಣದಲ್ಲಿ ಹೂಮಾಲೆ ಹಾಕುವುದಕ್ಕಿಂತ ಇದು ಹೆಚ್ಚಿನ ಆತಿಥ್ಯ.

ಮೂರನೆಯದು, ಭಾಷೆ. ತಿಂಗಳುಗಟ್ಟಲೆ ಉಳಿಯುವ ಕಲಿಕೆಯವರಿಗೂ ರಜೆಗೆ ಬರುವ ಕನ್ನಡ ಮೂಲದ ಮಕ್ಕಳಿಗೂ ಕನ್ನಡದ ಬಾಗಿಲನ್ನು ತೆರೆಯಬೇಕು. ಹೊರನಾಡಿನ ಕನ್ನಡ ಕೂಟಗಳು ಭಾನುವಾರದ ತರಗತಿಗಳಲ್ಲಿ ಅಕ್ಷರ ಕಲಿಸುತ್ತಿವೆ. ಆ ಅಕ್ಷರಕ್ಕೆ ಊರಿನ ಉಸಿರು ಸಿಗಬೇಕಾದದ್ದು ಇಲ್ಲಿ, ಜೂನ್-ಜುಲೈ ರಜೆಯ ದಿನಗಳಲ್ಲಿ. ನಮ್ಮ ವಿಶ್ವವಿದ್ಯಾಲಯಗಳು, ರಂಗಶಾಲೆಗಳು, ಗ್ರಂಥಾಲಯಗಳು ಆ ಕೆಲವು ವಾರಗಳಿಗೆ ತಮ್ಮ ಜಗಲಿಯನ್ನು ಬಿಟ್ಟುಕೊಡಬಹುದು. ಅಜ್ಜಿ ಇಲ್ಲದ ಮೇಲೂ ಬರಲು ಒಂದು ಕಾರಣ ಹಾಗೆ ಹುಟ್ಟುತ್ತದೆ.

ಸಹೃದಯರೇ, ಆರಂಭದಲ್ಲಿ ಜಗಲಿಯ ಮಾತು ಹೇಳಿದೆ. ಆ ಜಗಲಿಯಿಂದ ಎದ್ದು ಹೊರಡುವಾಗ ನಮ್ಮವರು 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತಾರೆ. ಬೀದರಿನಿಂದ ಹೊರಟ ನಿಕಿಟಿನ್‌ಗೆ ಆ ಮಾತು ಹೇಳುವ ಭಾಗ್ಯವಿರಲಿಲ್ಲ, ಅವನು ತನ್ನ ಊರನ್ನು ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಇಂದಿನವರಿಗೆ ಆ ಅವಕಾಶವಿದೆ. ವಾಸಿಯಾದ ರೋಗಿ ಮರುತಪಾಸಣೆಗೆ, ಅಭ್ಯಾಸಿ ಮುಂದಿನ ಆಸನಕ್ಕೆ, ಮೊಮ್ಮಗಳು ಮುಂದಿನ ರಜೆಗೆ ಮತ್ತೆ ಬರುತ್ತಾರೆ. ಆಗ ಚೀಟಿಯಲ್ಲಿ ಅವರು ಯಾವ ಮನೆಗೆ ಗುರುತು ಹಾಕಿದರೂ, ಬರುವುದು ತಮಗೆ ಗೊತ್ತಿರುವ ಒಬ್ಬರ ಬಳಿಗೆ. ಎಷ್ಟು ಕೋಟಿ ಜನ ಬಂದರು ಎಂದು ಪ್ರತಿವರ್ಷ ಎಣಿಸುವ ನಾವು, ಎಷ್ಟು ಜನ 'ಹೋಗಿ ಬರುತ್ತೇನೆ' ಎಂದು ಹೇಳಿ ಹೊರಟರು ಎಂಬುದನ್ನೂ ಎಣಿಸುವಂತಾಗಲಿ.